ಮಂದರದ ಕಡಗೋಲು

ಒಂದು ಹೊಳೆಯ ದಂಡೆಯಲ್ಲಿ ಒಂದು ಆಶ್ರಮವಿತ್ತು. ಹೊಳೆಯ ಹೆಸರು ಕೇಳಬೇಡಿ. ಹೇಳಿದರೆ ನಾಳೆಯೇ ಯಾರಾದರೂ ಹುಡುಕಿಕೊಂಡು ಹೊರಡುತ್ತಾರೆ, ಹಾಗೆ ಹೊರಟು ಬಂದವರಿಂದ ಈ ಕಥೆಯಲ್ಲಿ ಆದದ್ದೇ ಸಾಕು.

ಅಲ್ಲಿದ್ದವರು ಇಬ್ಬರು, ಗುರು ಅಗ್ಗಳಯ್ಯನವರು ಮತ್ತು ಶಿಷ್ಯ ಸಂಕಣ್ಣ. ಸಂಕಣ್ಣ ಬಂದು ಹನ್ನೆರಡು ವರ್ಷವಾಗಿತ್ತು. ಅವನ ಗಡ್ಡದಲ್ಲಿ ಆಗಲೇ ಒಂದೆರಡು ಬಿಳಿ ಕೂದಲು ಇಣುಕಿದ್ದವು.

ಆಶ್ರಮದ ನೇಮ ಒಂದೇ. ಬಾಗಿಲಿಗೆ ಬಂದವರಿಗೆ ಮೊದಲು ಮಜ್ಜಿಗೆ ಕೊಡಬೇಕು. ಹೆಸರು, ಊರು, ಬಂದ ಕೆಲಸ ಎಲ್ಲ ಆಮೇಲೆ, ಅದೂ ಅವರಾಗಿ ಹೇಳಿದರೆ.

ಹಾಗಾಗಿ ದಿನಾ ಬೆಳಗ್ಗೆ ದೊಡ್ಡ ಗಡಿಗೆಯ ತುಂಬ ಮೊಸರು ಕಡೆಯುತ್ತಿದ್ದರು. ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ ಅದು. ಕಡಗೋಲಿಗೆ ಹಗ್ಗ ಸುತ್ತಿ, ಗಡಿಗೆಯ ಆ ಕಡೆ ಗುರುಗಳು, ಈ ಕಡೆ ಶಿಷ್ಯ, ಎದುರುಬದುರು ಕೂರುವರು. ಒಬ್ಬರು ಎಳೆದರೆ ಇನ್ನೊಬ್ಬರು ಸಡಿಲ ಬಿಡುವರು. ಅವರು ಎಳೆದರೆ ಇವರು ಬಿಡುವರು. ಹೀಗೆ ಹನ್ನೆರಡು ವರ್ಷ ಇಬ್ಬರೂ ಹಗ್ಗದ ಕಡೆ ನೋಡದೆಯೇ ಕಡೆದಿದ್ದರು.

ಒಂದು ಬೆಳಗ್ಗೆ ಬೆಣ್ಣೆ ತೆಗೆದಾದ ಮೇಲೆ ಗುರುಗಳು ಕಡಗೋಲನ್ನು ತೊಳೆದು ಸಂಕಣ್ಣನ ಕೈಗೆ ಕೊಟ್ಟರು.

"ಇದು ಏನು ಗೊತ್ತೇ?"

"ಕಡಗೋಲು, ಗುರುಗಳೇ."

"ಹಿಂದೆ ದೇವತೆಗಳೂ ಅಸುರರೂ ಮಂದರ ಪರ್ವತವನ್ನು ನೆಟ್ಟು ಕಡಲನ್ನು ಕಡೆದರಲ್ಲ, ಆಗ ಆ ಬೆಟ್ಟದಿಂದ ಸಿಡಿದ ಚೂರು ಇದು. ಮತ್ತೆ ಕಡಲಿಗೆ ಇಳಿಸಿದರೆ ಇನ್ನೊಂದು ಕೊಡ ಅಮೃತ ಏಳುತ್ತದೆ. ನನ್ನ ಗುರುಗಳು ನನಗೆ ಕೊಟ್ಟದ್ದು."

ಸಂಕಣ್ಣ ಕಡಗೋಲನ್ನು ತಿರುಗಿಸಿ ತಿರುಗಿಸಿ ನೋಡಿದ. ಹನ್ನೆರಡು ವರ್ಷ ಇದನ್ನು ಬೂದಿ ಹಾಕಿ ಉಜ್ಜಿದ್ದ, ಒಮ್ಮೆ ಇದರಲ್ಲೇ ಬೆಕ್ಕನ್ನೂ ಓಡಿಸಿದ್ದ.

"ಇದು ಇಲ್ಲಿರುವುದು ಎರಡು ಪಕ್ಷಕ್ಕೂ ಗೊತ್ತಾಗಿದೆ. ಅಮಾವಾಸ್ಯೆಯೊಳಗೆ ಬರುತ್ತಾರೆ," ಎಂದರು ಗುರುಗಳು. "ಇನ್ನು ಇದರ ಕಾವಲು ನಿನ್ನದು."

"ಯಾವ ವೇಷದಲ್ಲಿ ಬರುತ್ತಾರೆ ಗುರುಗಳೇ?"

"ಬರುವವರ ವೇಷದಲ್ಲಿ."

"ಗುರುತು ಹಿಡಿಯುವುದು ಹೇಗೆ?"

ಗುರುಗಳು ಗಡಿಗೆಯನ್ನು ಬೋರಲು ಹಾಕಿ ಹೊಳೆಯ ಕಡೆ ನಡೆದರು.

ಅಮಾವಾಸ್ಯೆಗೆ ಇನ್ನು ಒಂಬತ್ತು ದಿನ. ಸಂಕಣ್ಣ ಓದಿದ್ದನ್ನೆಲ್ಲ ನೆನಪಿಗೆ ತಂದುಕೊಂಡ. ದೇವತೆಗಳು ಕಣ್ಣು ಮಿಟುಕಿಸುವುದಿಲ್ಲ. ಅವರ ಪಾದ ನೆಲಕ್ಕೆ ತಾಗುವುದಿಲ್ಲ. ಅವರಿಗೆ ಬೆವರಿಲ್ಲ. ಅಸುರರಿಗೆ ಯಾವ ಗುರುತೂ ಇಲ್ಲ, ಬೇಕಾದ ರೂಪ ತಾಳುತ್ತಾರೆ. ಅಂದರೆ ಕಣ್ಣು ಮಿಟುಕಿಸದವನು ದೇವತೆ, ಮಿಟುಕಿಸುವವನು ಅಸುರ ಇರಬಹುದು. ಇಷ್ಟು ಲೆಕ್ಕ ಹಾಕಿದ ಮೇಲೆ ಲೋಕದಲ್ಲಿ ನಂಬಬಹುದಾದವರು ಯಾರೂ ಉಳಿಯಲಿಲ್ಲ.

ಮರುದಿನ ಮೊದಲು ಬಂದವಳು ಬೋರವ್ವ, ಹೊಳೆಯಾಚೆಯ ಕುಂಬಾರರ ಮುದುಕಿ. ಅವಳ ಗಂಡ ತಿಂಗಳಿಂದ ಹಾಸಿಗೆ ಹಿಡಿದಿದ್ದ. ಅವನ ಗಂಟಲಲ್ಲಿ ಇಳಿಯುತ್ತಿದ್ದುದು ಈ ಆಶ್ರಮದ ಮಜ್ಜಿಗೆ ಮಾತ್ರ. ಅವಳು ಎಂದಿನಂತೆ ಚೊಂಬು ಮುಂದೆ ಹಿಡಿದಳು. ಸಂಕಣ್ಣ ಅವಳ ಕಾಲನ್ನು ನೋಡಿದ. ನೆಲಕ್ಕೆ ತಾಗಿತ್ತು. ಅವನ ಅನುಮಾನ ಇನ್ನೂ ಗಟ್ಟಿಯಾಯಿತು.

"ಏನ್ಸಾಮಿ," ಎಂದಳು ಬೋರವ್ವ. "ಹತ್ತೊರ್ಸದಿಂದ ಬತ್ತಿವ್ನಿ. ಒಂದ್ ದಿನಾನೂ ನನ್ ಕಾಲ್ ನೋಡಿರ್ಲಿಲ್ಲ ನೀವು. ಇವತ್ತೇನ್ ಕಾಣ್ತು?"

"ನಿನ್ನ ಗಂಡನ ಹೆಸರೇನು?"

ಬೋರವ್ವ ಅವನನ್ನೇ ನೋಡಿದಳು. ಆ ಬಾಗಿಲಲ್ಲಿ ಯಾರೂ ಯಾರನ್ನೂ ಏನೂ ಕೇಳಿದ್ದಿಲ್ಲ.

"ಮಜ್ಜಿಗೆ ಕೊಡಕ್ಕಿಲ್ಲ ಅಂದ್ರೆ ಇಲ್ಲ ಅನ್ನಿ ಸಾಮಿ. ಎಸ್ರು ಯಾಕೆ ಕೇಳ್ತೀರಿ," ಎಂದು ಹೊರಟುಹೋದಳು.

ಸಂಕಣ್ಣ ಅವಳನ್ನು ಕರೆಯಲು ಎರಡು ಹೆಜ್ಜೆ ಹಾಕಿದ. ಆಮೇಲೆ, ಹೆಸರು ಹೇಳದೆ ಹೋದಳಲ್ಲ ಎಂದು ನೆನಪಾಗಿ ನಿಂತುಬಿಟ್ಟ.

ಆ ಮಧ್ಯಾಹ್ನ ಗುರುಗಳು ಸ್ನಾನಕ್ಕೆ ಹೋದಾಗ ಅವನು ಹಲಸಿನ ಕೊಂಬೆಯೊಂದನ್ನು ಕೆತ್ತಿ ಇನ್ನೊಂದು ಕಡಗೋಲು ಮಾಡಿದ. ಅದಕ್ಕೆ ಹೊಗೆ ಹಿಡಿಸಿ, ಬೆಣ್ಣೆ ಸವರಿ, ಹಳೆಯದರ ಹಾಗೇ ಕಪ್ಪು ಮಾಡಿದ. ಹೊಸದನ್ನು ಗಡಿಗೆಯಲ್ಲಿ ನಿಲ್ಲಿಸಿದ. ಮಂದರದ ಚೂರನ್ನು ಬೆನ್ನಿಗೆ ಉದ್ದಕ್ಕೆ ಕಟ್ಟಿಕೊಂಡು ಮೇಲೆ ಕಂಬಳಿ ಹೊದ್ದ.

ಮಾರನೆಯ ಬೆಳಗ್ಗೆ ಇಬ್ಬರೂ ಕಡೆಯಲು ಕೂತರು. ಬಹಳ ಹೊತ್ತು ಎಳೆದರು. ಬೆಣ್ಣೆ ಬರಲಿಲ್ಲ.

"ಇವತ್ತು ಬೆಣ್ಣೆ ಇಲ್ಲ," ಎಂದರು ಗುರುಗಳು.

"ಸೆಕೆ ಜಾಸ್ತಿ, ಗುರುಗಳೇ," ಎಂದ ಸಂಕಣ್ಣ. ಹಲಸಿನ ಕಡಗೋಲಿಗೆ ಅಷ್ಟು ಶಕ್ತಿ ಎಲ್ಲಿಂದ ಬರಬೇಕು ಎಂದು ಒಳಗೊಳಗೇ ಅಂದುಕೊಂಡ.

ಮಾರನೆಯ ದಿನವೂ ಬರಲಿಲ್ಲ. ಅದರಾಚೆಯ ದಿನವೂ ಇಲ್ಲ. ಗಡಿಗೆಯಲ್ಲಿ ಗಂಟು ಗಂಟಾದ ಮೊಸರು, ಬಾಗಿಲಲ್ಲಿ ಬಾಯಾರಿದ ಜನ. ಸಂಕಣ್ಣ ಒಬ್ಬೊಬ್ಬರ ಕಣ್ಣೆವೆಯನ್ನೂ ನೋಡಿ ನೋಡಿ ಕಳಿಸುತ್ತಿದ್ದ. ಹೋಗುವವನೊಬ್ಬ ಹಿಂದಿರುಗಿ ಕೇಳಿದ, "ಸ್ವಾಮಿ, ನೀವು ಕಣ್ಣೇ ಮಿಟುಕಿಸುವುದಿಲ್ಲವಲ್ಲ, ತಾವು ಯಾರು?"

ಬೋರವ್ವ ಮಾತ್ರ ದಿನಾ ಬಂದಳು. ಒಳಗೆ ಬರುತ್ತಿರಲಿಲ್ಲ, ಏನೂ ಕೇಳುತ್ತಿರಲಿಲ್ಲ. ಬೇಲಿಯ ಹೊರಗೆ ಚೊಂಬು ಇಟ್ಟುಕೊಂಡು ಬಿಸಿಲೇರುವವರೆಗೆ ಕೂತು ಎದ್ದುಹೋಗುವಳು.

ಐದನೆಯ ದಿನ ಸಂಕಣ್ಣನಿಗೆ ಹೊಸ ಯೋಚನೆ ಬಂತು. ಬರುವವರ ವೇಷದಲ್ಲಿ ಬರುತ್ತಾರೆ ಎಂದರು ಗುರುಗಳು. ಆದರೆ ಇಲ್ಲೇ ಇರುವವರ ವೇಷದಲ್ಲಿ ಬಂದುಬಿಟ್ಟಿದ್ದರೆ? ಗುರುಗಳು ದಿನಾ ಒಬ್ಬರೇ ಹೊಳೆಗೆ ಹೋಗುತ್ತಾರೆ. ಹೋದವರೇ ಹಿಂದಿರುಗುತ್ತಾರೆ ಎನ್ನುವುದಕ್ಕೆ ಸಾಕ್ಷಿ ಯಾರು?

ಅಂದಿನಿಂದ ಅವನು ಗುರುಗಳ ಪಾದ ನೋಡತೊಡಗಿದ. ಅವರು ಮರದ ಪಾದುಕೆ ಮೆಟ್ಟುತ್ತಿದ್ದರು. ಪಾದ ನೆಲಕ್ಕೆ ತಾಗುತ್ತದೋ ಇಲ್ಲವೋ, ಯಾರು ಹೇಳಬೇಕು? ಊಟಕ್ಕೆ ಕೂತಾಗ ಮೊದಲು ಉಪ್ಪು ಕೇಳುತ್ತಿದ್ದವರು ಅವತ್ತು ಕೇಳಲಿಲ್ಲ. ಸಂಕಣ್ಣ ಅದನ್ನೂ ಮನಸ್ಸಿನಲ್ಲಿಟ್ಟುಕೊಂಡ.

ಅವನಿಗೆ ಅಳು ಬರುವಂತಾಗಿತ್ತು. ತಂದೆಗಿಂತ ಹೆಚ್ಚಾದವರನ್ನು ಹೀಗೆ ಕಳ್ಳನ ಹಾಗೆ ನೋಡುವುದು ಅವನಿಗೇನು ಸುಖವೇ? ಆದರೂ ನೋಡುವುದನ್ನು ಬಿಡಲಾಗಲಿಲ್ಲ.

ಒಂಬತ್ತನೆಯ ದಿನ, ಅಮಾವಾಸ್ಯೆಯ ಬೆಳಗ್ಗೆ, ಇಬ್ಬರು ಬಂದರು. ಒಬ್ಬ ಪೂರ್ವದಿಂದ, ಒಬ್ಬ ಪಶ್ಚಿಮದಿಂದ. ಒಬ್ಬ ಬೆಳ್ಳಗೆ ಎತ್ತರವಾಗಿದ್ದ. ಇನ್ನೊಬ್ಬನೂ ಬೆಳ್ಳಗೆ ಎತ್ತರವಾಗಿದ್ದ. ಇಬ್ಬರೂ ಕಣ್ಣು ಮಿಟುಕಿಸಲಿಲ್ಲ, ಯಾಕೆಂದರೆ ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿದ್ದರು.

"ನಾನು ದೇವತೆಗಳ ಕಡೆಯವನು," ಎಂದ ಮೊದಲನೆಯವನು. "ಕಡಗೋಲು ಅವನ ಕೈಗೆ ಸಿಕ್ಕರೆ ಲೋಕ ಉಳಿಯುವುದಿಲ್ಲ."

"ದೇವತೆಗಳ ಕಡೆಯವನು ನಾನು," ಎಂದ ಎರಡನೆಯವನು. "ಅವನ ಕೈಗೆ ಸಿಕ್ಕರೆ ಲೋಕ ಉಳಿಯುವುದಿಲ್ಲ."

ಸಂಕಣ್ಣ ಗುರುಗಳ ಮುಖ ನೋಡಿದ. ಗುರುಗಳು ಗಡಿಗೆಗೆ ಮೊಸರು ತುಂಬಿ, ಕಡಗೋಲು ನಿಲ್ಲಿಸಿ, ಹಗ್ಗದ ಎರಡು ತುದಿಗಳನ್ನು ಅವರಿಬ್ಬರ ಕೈಗೆ ಕೊಟ್ಟರು.

"ಬೆಣ್ಣೆ ತೆಗೆದವರು ಕಡಗೋಲನ್ನು ತೆಗೆದುಕೊಂಡು ಹೋಗಿ."

ಇಬ್ಬರೂ ಎಳೆದರು.

ಹಗ್ಗ ಬಿಗಿಯಾಗಿ ನಿಂತಿತು. ಕಡಗೋಲು ಒಂದು ಸುತ್ತೂ ತಿರುಗಲಿಲ್ಲ.

"ನೀನು ಬಿಡು, ಆಮೇಲೆ ನಾನು ಬಿಡುತ್ತೇನೆ," ಎಂದ ಒಬ್ಬ.

"ನಾನು ಬಿಟ್ಟರೆ ನೀನು ಕಡಗೋಲು ಕಿತ್ತುಕೊಂಡು ಹೋಗುತ್ತೀ. ನೀನೇ ಮೊದಲು ಬಿಡು," ಎಂದ ಇನ್ನೊಬ್ಬ.

ಬಿಸಿಲು ಏರಿತು. ಮೊಸರು ಹುಳಿ ವಾಸನೆ ಹೊಡೆಯಿತು. ಅವರ ತೋಳಿನ ನರಗಳು ಉಬ್ಬಿ ಬಂದವು, ಬೆವರು ಇಬ್ಬರ ಹಣೆಯಿಂದಲೂ ಇಳಿಯಿತು. ಅವರಲ್ಲಿ ಒಬ್ಬನಾದರೂ ದೇವತೆ ಆಗಿದ್ದರೆ ಬೆವರಬಾರದಿತ್ತು. ಯಾರೂ ತುದಿ ಬಿಡಲಿಲ್ಲ.

ಸಂಕಣ್ಣನಿಗೆ ಒಳಗೆ ನಗು. ಹಲಸಿನ ಕೊಂಬೆಗೆ ಇಷ್ಟೊಂದು ಜಗ್ಗಾಟ!

"ಅವರು ಹಾಗೇ ಇರಲಿ," ಎಂದರು ಗುರುಗಳು. "ನೀನು ಒಳಗೆ ಬಾ."

ಅಡುಗೆಮನೆಯಲ್ಲಿ ಇನ್ನೊಂದು ಗಡಿಗೆಗೆ ಮೊಸರು ಹಾಕಿ, ಹೊಸ ಹಗ್ಗ ತೆಗೆದು, ಅವರು ಕೈ ಚಾಚಿದರು.

"ಬೆನ್ನಿಗೆ ಕಟ್ಟಿಕೊಂಡದ್ದನ್ನು ಬಿಚ್ಚು."

ಸಂಕಣ್ಣ ಕಂಬಳಿಯನ್ನು ಬಿಗಿಯಾಗಿ ಎಳೆದುಕೊಂಡ.

"ನಿಮಗೆ ಹೇಗೆ ಗೊತ್ತು?"

"ದಿನಾ ಬೆಳಗ್ಗೆ ಬಗ್ಗಿ ನನ್ನ ಕಾಲು ಮುಟ್ಟುತ್ತಿದ್ದವನು ನೀನು. ಎಂಟು ದಿನದಿಂದ ಬಗ್ಗಿಲ್ಲ."

ಅವನು ತಲೆ ತಗ್ಗಿಸಿ ಕಂಬಳಿ ತೆಗೆದ. ಬೆನ್ನಿನ ಮೇಲೆ ಕಡಗೋಲಿನ ಉದ್ದಕ್ಕೂ ಕೆಂಪು ಬರೆ ಎದ್ದಿತ್ತು. ಗುರುಗಳು ಅದನ್ನು ನೋಡಿದರು. ಮಂದರದ ಚೂರನ್ನು ಗಡಿಗೆಯಲ್ಲಿ ನಿಲ್ಲಿಸಿ, ಹಗ್ಗ ಸುತ್ತಿ, ಒಂದು ತುದಿಯನ್ನು ಅವನಿಗೆ ಕೊಟ್ಟು ಎದುರಿಗೆ ಕೂತರು.

ಕಿಟಕಿಯಿಂದ ಬೇಲಿ ಕಾಣುತ್ತಿತ್ತು. ಬೇಲಿಯ ಹೊರಗೆ ಬೋರವ್ವ ಕೂತಿದ್ದಳು. ಇವತ್ತು ಚೊಂಬನ್ನು ನೆಲಕ್ಕಿಟ್ಟಿರಲಿಲ್ಲ, ಎರಡು ಕೈಯಲ್ಲೂ ಹಿಡಿದಿದ್ದಳು.

"ಆಕೆಯ ಗಂಡ ಮೂರು ದಿನದಿಂದ ನೀರನ್ನೂ ನುಂಗಿಲ್ಲ," ಎಂದರು ಗುರುಗಳು. "ಎಳೆ."

ಸಂಕಣ್ಣ ಎಳೆದ. ಗುರುಗಳ ಕಡೆಯ ಹಗ್ಗ ಸಲೀಸಾಗಿ ಬಂತು. ಕಡಗೋಲು ಗರ್ರನೆ ತಿರುಗಿತು.

ಗುರುಗಳು ಎಳೆದರು. ಕಡಗೋಲು ಅರ್ಧ ತಿರುಗಿ ನಿಂತಿತು.

ಮತ್ತೆ ಅವನು ಎಳೆದ, ಮತ್ತೆ ತಿರುಗಿತು. ಮತ್ತೆ ಅವರು ಎಳೆದರು, ಮತ್ತೆ ನಿಂತಿತು. ನಿಜವಾದ ಕಡಗೋಲಿನಲ್ಲೂ ಬೆಣ್ಣೆ ಏಳಲಿಲ್ಲ.

ಸಂಕಣ್ಣ ತನ್ನ ಕೈ ನೋಡಿಕೊಂಡ. ಅಂಗಳದಲ್ಲಿ ನಿಂತ ಇಬ್ಬರ ಕೈ ಹೇಗಿತ್ತೋ ಹಾಗೇ ಇತ್ತು. ಬೆರಳಿನ ಗೆಣ್ಣುಗಳು ಬೆಳ್ಳಗಾಗಿದ್ದವು. ಬಿಡಬೇಕು ಎಂದುಕೊಂಡ. ಬೆರಳು ಕೇಳಲಿಲ್ಲ.

"ಗುರುಗಳೇ," ಎಂದ. "ಒಂದು ಮಾತು ಕೇಳುತ್ತೇನೆ, ಕೋಪ ಮಾಡಿಕೊಳ್ಳಬೇಡಿ. ನಾನು ಇಲ್ಲಿಗೆ ಮೊದಲು ಬಂದ ದಿನ ನೀವು ನನ್ನನ್ನು ಏನು ಕೇಳಿದಿರಿ?"

"ಏನೂ ಕೇಳಲಿಲ್ಲ. ಮಜ್ಜಿಗೆ ಕೊಟ್ಟೆ."

ಉತ್ತರ ಸರಿಯಾಗಿತ್ತು. ಆದರೆ ಇಲ್ಲಿ ಯಾರನ್ನೂ ಏನೂ ಕೇಳುವುದಿಲ್ಲ ಎನ್ನುವುದು ಊರಿಗೆಲ್ಲ ಗೊತ್ತು. ಅಸುರನಿಗೂ ಗೊತ್ತಿರುತ್ತದೆ.

"ಈ ತುದಿಯನ್ನು ನಾನು ಸಡಿಲ ಬಿಟ್ಟರೆ," ಎಂದ ಸಂಕಣ್ಣ, "ಎದುರಿಗೆ ಕೂತಿರುವುದು ನೀವೇ ಎಂದು ನನಗೆ ಹೇಗೆ ಗೊತ್ತಾಗಬೇಕು? ನಿಮ್ಮ ರೂಪದಲ್ಲಿ ಯಾರೋ ಬಂದು ಕೂತಿದ್ದರೆ?"

ಬೇಲಿಯ ಹೊರಗೆ ಬೋರವ್ವ ಸೆರಗಿನಿಂದ ಚೊಂಬನ್ನು ಒರೆಸುತ್ತಿದ್ದಳು. ಗುರುಗಳು ಅವಳನ್ನು ನೋಡಿ, ಆಮೇಲೆ ಶಿಷ್ಯನನ್ನು ನೋಡಿದರು.

"ನೀನು ಬಗ್ಗುವುದನ್ನು ಬಿಟ್ಟ ದಿನದಿಂದ ನಿನ್ನ ಮೇಲೆ ನನಗೂ ಅದೇ ಅನುಮಾನ, ಸಂಕಣ್ಣ," ಎಂದರು. "ಆದರೂ ದಿನಾ ಬೆಳಗ್ಗೆ ನನ್ನ ತುದಿಯನ್ನು ನಾನು ಬಿಡುತ್ತಲೇ ಬಂದೆ."