ಬಯಲಿಗೆ ನೆರಳು ತಂದವನು

“ಅಜ್ಜನವರೇ, ಕೆಟ್ಟ ಬುದ್ಧಿಯಿಂದ ಮಾಡಿದ ತಪ್ಪು, ಒಳ್ಳೆಯ ಮನಸ್ಸಿನಿಂದ ಮಾಡಿದ ತಪ್ಪು, ಈ ಎರಡರಲ್ಲಿ ತಿದ್ದಿಕೊಳ್ಳಲು ಯಾವುದು ಸುಲಭ?” ಎಂದು ಶಿಷ್ಯ ಕೊಟ್ರಯ್ಯ ಕೇಳಿದ. ಉತ್ತರಕ್ಕೂ ಕಾಯದೆ, “ಒಳ್ಳೆಯ ಮನಸ್ಸಿನದೇ ಸುಲಭ, ಅಲ್ಲವೇ?” ಎಂದೂ ಸೇರಿಸಿದ.

ಮಠದ ಅಜ್ಜನವರು ನಕ್ಕರು. “ಪ್ರಶ್ನೆಯೂ ನಿನ್ನದೇ, ಉತ್ತರವೂ ನಿನ್ನದೇ. ಇನ್ನು ನನಗೇನು ಕೆಲಸವಪ್ಪಾ? ಒಂದು ಕತೆಯನ್ನಾದರೂ ಹೇಳುತ್ತೇನೆ, ಕೇಳು” ಎಂದು ಶುರು ಮಾಡಿದರು.

ಒಬ್ಬ ವ್ಯಾಪಾರಿ. ಹುಟ್ಟಿದ್ದು ಕುರಿ ಕಾಯುವವರ ಮನೆಯಲ್ಲಿ. ಊರಾಚೆ ಒಂದು ಬಯಲು. ಕಣ್ಣು ಹರಿದಷ್ಟು ದೂರ ಹುಲ್ಲೇ ಹುಲ್ಲು, ಹೆಸರಿಗೂ ಒಂದು ಮರವಿಲ್ಲ. ಚಿಕ್ಕವನಿದ್ದಾಗ ಅಪ್ಪನ ಜೊತೆ ಅಲ್ಲಿ ಕುರಿ ಮೇಯಿಸುತ್ತಿದ್ದ. ಬೆಳಗಿನ ಹೊತ್ತು ಚಿಗರಿಗಳ ಹಿಂಡು ಬರುತ್ತಿತ್ತು. ತಿರುಚಿದ ಕೊಂಬಿನ ಕರಿ ಗಂಡು, ಕಂದು ಹೆಣ್ಣುಗಳು, ಮರಿಗಳು. ಏನನ್ನಾದರೂ ಕಂಡು ಬೆದರಿದರೆ ಒಂದು ನೆಗೆಯುತ್ತಿತ್ತು, ಅದರ ಹಿಂದೆ ಇನ್ನೊಂದು, ನೋಡನೋಡುತ್ತಿದ್ದಂತೆ ಹಿಂಡಿಗೆ ಹಿಂಡೇ ನೆಲ ಬಿಟ್ಟು ಗಾಳಿಯಲ್ಲಿ! ಹುಡುಗ ಕೋಲು ಬಿಸಾಕಿ ತಾನೂ ನೆಗೆಯುತ್ತಿದ್ದ. “ಕುರಿ ನೋಡೋ ಅಂದರೆ ಕುಣಿಯುತ್ತೀಯಲ್ಲೋ!” ಎಂದು ಅಪ್ಪ ಬೈಯುತ್ತಿದ್ದ.

ಮುಂದೆ ಅವನು ಪಟ್ಟಣ ಸೇರಿ ಬಟ್ಟೆ ಅಂಗಡಿ ಇಟ್ಟ. ಚೆನ್ನಾಗಿಯೇ ದುಡಿದ. ಆದರೆ ಗಿರಾಕಿಯ ಮುಂದೆ ಸೀರೆ ಬಿಡಿಸುವಾಗ ಅದು ಗಾಳಿಗೆ ಒಮ್ಮೆ ಎದ್ದು ಇಳಿದರೆ ಸಾಕು, ಮನಸ್ಸು ಬಯಲಿಗೆ ಓಡುತ್ತಿತ್ತು. ಸಾಯುವ ಮೊದಲು ಆ ನೆಗೆತವನ್ನು ಮತ್ತೆ ಕಣ್ತುಂಬ ನೋಡಬೇಕು, ಅವನಿಗೆ ಇದ್ದದ್ದು ಇದೊಂದೇ ಆಸೆ. ತಲೆ ನರೆತ ಮೇಲೆ ಅಂಗಡಿಯನ್ನು ಅಳಿಯನಿಗೆ ಒಪ್ಪಿಸಿ ಊರಿಗೆ ಮರಳಿದ.

ಚಿಗರಿಗಳು ಇನ್ನೂ ಇದ್ದವು. ಅವನ್ನು ಕಂಡು ವ್ಯಾಪಾರಿ ಅತ್ತುಬಿಟ್ಟ. ಹಿಂದೆ ಜೊತೆಗೆ ಕುರಿ ಕಾಯ್ದಿದ್ದ ಗೆಳೆಯ ಪಕ್ಕದಲ್ಲಿದ್ದ.

“ಮಧ್ಯಾಹ್ನದ ಬಿಸಿಲಲ್ಲಿ ನಿಂತಿವೆಯಲ್ಲೋ, ಪಾಪ! ಒಂದಿಷ್ಟು ನೆರಳು ಬೇಡವೇ ಇವಕ್ಕೆ?” ಎಂದ ವ್ಯಾಪಾರಿ.

“ನಾವು ಸಣ್ಣವರಿದ್ದಾಗಲೂ ಹೀಗೇ ನಿಲ್ಲುತ್ತಿದ್ದವು, ಬಿಡೋ.”

“ಆಗ ನನ್ನ ಕೈಯಲ್ಲಿ ಏನೂ ಇರಲಿಲ್ಲ. ಈಗ ದೇವರು ಕೊಟ್ಟಿದ್ದಾನೆ.”

ಮಳೆಗಾಲಕ್ಕೆ ಬೇವು, ಹೊಂಗೆ, ಬಸರಿ ಸಸಿಗಳನ್ನು ಗಾಡಿಗಳಲ್ಲಿ ತರಿಸಿದ. ಬಯಲ ತುಂಬ ಗುಂಡಿ ತೋಡಿಸಿ ನೆಡಿಸಿದ. ಬೇಸಿಗೆಯಲ್ಲಿ ತಾನೇ ನಿಂತು ನೀರು ಹಾಕಿಸಿದ. ಮಕ್ಕಳನ್ನು ಸಾಕಿದಂತೆ ಸಾಕಿದ. ಸಸಿಗಳು ಮರವಾದವು. ದಾರಿಹೋಕರು ನೆರಳಲ್ಲಿ ಬುತ್ತಿ ಬಿಚ್ಚಿ ಉಂಡರು, ಅವನ ಹೊಟ್ಟೆ ತಣ್ಣಗಿರಲಿ ಎಂದರು. ಊರಿಗೆ ಊರೇ ಅವನನ್ನು ಪುಣ್ಯಾತ್ಮ ಎಂದು ಕರೆಯಿತು.

ಚಿಗರಿಗಳು ಮಾತ್ರ ವರ್ಷದಿಂದ ವರ್ಷಕ್ಕೆ ದೂರ ಸರಿದವು. ಮೊದಲು ಬಯಲಿನ ಆಚೆ ಅಂಚಿಗೆ ಹೋದವು. ಆಮೇಲೆ ಅಲ್ಲಿಯೂ ಕಾಣಲಿಲ್ಲ. ಹೊಲಗಳಿಗೆ ಇಳಿದು ನಾಯಿಗಳ ಬಾಯಿಗೆ ಸಿಕ್ಕವು ಎಂದು ಕೆಲವರು ಹೇಳಿದರು. ವ್ಯಾಪಾರಿ ನಂಬಲಿಲ್ಲ. ಇಷ್ಟು ತಂಪು ಬಿಟ್ಟು ಎಲ್ಲಿಗೆ ಹೋಗುತ್ತವೆ, ಬಂದೇ ಬರುತ್ತವೆ ಎಂದು ದಿನಾ ಬೆಳಗ್ಗೆ ಹೋಗಿ ಮರದ ಬುಡದಲ್ಲಿ ಕೂರುತ್ತಿದ್ದ.

ಹಾಗೆ ಕುಳಿತಿದ್ದ ಒಂದು ಬೆಳಗ್ಗೆ ಎರಡು ಮರಗಳ ನಡುವಿನಿಂದ ಒಂದು ತೋಳ ಹೊರಬಂತು. ಅಷ್ಟು ಹತ್ತಿರ ಬರುವವರೆಗೂ ಅದು ಅವನಿಗೆ ಕಂಡಿರಲಿಲ್ಲ. ಎದ್ದು ಓಡೋಣವೆಂದರೆ ಯಾವ ಕಡೆ ನೋಡಿದರೂ ಮರಗಳೇ ಅಡ್ಡ. ತೋಳ ಅವನತ್ತ ತಿರುಗಿಯೂ ನೋಡದೆ ತನ್ನ ಪಾಡಿಗೆ ಹೋಯಿತು. ವ್ಯಾಪಾರಿಗೆ ಆಗ ಅರ್ಥವಾಯಿತು. ಚಿಗರಿ ಬದುಕುವುದು ಕಣ್ಣು ಮತ್ತು ಕಾಲುಗಳಿಂದ. ಅದಕ್ಕೆ ದೂರದ ತೋಳ ದೂರದಲ್ಲೇ ಕಾಣಬೇಕು, ನೆಗೆದು ಓಡಲು ಬರಿಯ ನೆಲ ಬೇಕು. ಆ ನೆಲವನ್ನೆಲ್ಲ ಅವನು ತುಂಬಿಬಿಟ್ಟಿದ್ದ. “ಅಯ್ಯೋ, ನನ್ನ ಕೈಯಾರೆ ಓಡಿಸಿದೆನಲ್ಲಾ!” ಎಂದು ಹಣೆ ಹಣೆ ಚಚ್ಚಿಕೊಂಡ. ಎಲ್ಲೋ ಒಂದಷ್ಟು ಬದುಕಿದ್ದರೆ, ಬಯಲು ಮತ್ತೆ ಬಯಲಾದರೆ, ಮರಳಿ ಬಂದಾವು ಎನಿಸಿತು. ಏದುಸಿರು ಬಿಡುತ್ತ ಮನೆಗೆ ಬಂದ, ಕೊಡಲಿ ತೆಗೆದುಕೊಂಡ.

ಅಜ್ಜನವರು ಅಲ್ಲಿಗೆ ಮಾತು ನಿಲ್ಲಿಸಿದರು. ಕೊಟ್ರಯ್ಯನಿಗೆ ತಡೆಯಲಾಗಲಿಲ್ಲ. “ಮರ ಕಡಿದನೇ ಅಜ್ಜಾ? ಚಿಗರಿ ಬಂದವೇ?”

“ತೋಪಿಗೆ ಅವನ ಹೆಸರಿಟ್ಟು ಊರವರು ಹಾರ ಹಿಡಿದು ಬಾಗಿಲಿಗೆ ಬಂದಿದ್ದರಪ್ಪಾ, ಅವನು ಕೊಡಲಿಯನ್ನು ಕದದ ಹಿಂದಿಟ್ಟು ಕೊರಳು ಬಗ್ಗಿಸಿದ.”