ಹಂಡನ ಹಗ್ಗದ ಗಂಟು

ಜೀರು... ಜೀರು ಏನೋ. ಜೀರಿಗೆ ಅಲ್ಲ. ಜೀರುಂಡೆಯಂತೂ ಅಲ್ಲವೇ ಅಲ್ಲ. ಒಂದು ಗಂಟಿನ ಹೆಸರು, ಮಕ್ಕಳೇ. ಹಗ್ಗದ ಗಂಟು. ನಮ್ಮ ಕಡೆ ಮೂಗು ಒರೆಸಿಕೊಳ್ಳಲು ಬಾರದ ಹುಡುಗರಿಗೂ ಗೊತ್ತಿದ್ದ ಮಾತು. ಇಲ್ಲಿ ಡೆಹ್ರಾಡೂನಿನಲ್ಲಿ ಯಾರನ್ನು ಕೇಳಲಿ? ಇರಲಿ, ಕಥೆ ಶುರು ಮಾಡುತ್ತೇನೆ. ಕಥೆಯ ಹಿಂದೆ ಅದೂ ನಡೆದುಕೊಂಡು ಬಂದೀತು. ಬೆಟ್ಟ ಹತ್ತಲು ಹೊರಟು, ಗಾಯಕ್ಕೆ ಬೇಕಾಗುವ ಪಟ್ಟಿ, ಹತ್ತಿ, ಮುಲಾಮು ಎಲ್ಲವನ್ನೂ ಡಬ್ಬಿಗೆ ತುಂಬಿ, ಈಗ ಅದರ ಸುತ್ತ ಟೇಪು ಸುತ್ತುತ್ತಿರುವ ನನ್ನ ಮೊಮ್ಮಗಳು ಮುಕ್ತಾ ಮೊದಲು ಕೇಳಲಿ. ಟೇಪು ಕೆಳಗಿಡು ತಾಯಿ. ಕೇಳು.

ಒಂದು ಕುರಿಹಟ್ಟಿ ಇತ್ತು. ಮಳೆಗಾಲ ಮುಗಿದೊಡನೆ ಆ ಹಟ್ಟಿಯವರು ಹಿಂಡು ಹೊಡೆದುಕೊಂಡು ಹೊರಟರೆ, ಮತ್ತೆ ಮೋಡ ಕಾಣಿಸುವವರೆಗೂ ಅಡವಿಯೇ ಮನೆ. ಪಾತ್ರೆ, ಕಂಬಳಿ, ಕೋಳಿ, ಕೂಸು ಎಲ್ಲ ಕುದುರೆಯ ಬೆನ್ನಿನ ಮೇಲೆ. ದವಾಖಾನೆ ಎಂದರೆ ಬೆಟ್ಟದಾಚೆಯ ಸಂತೆಯೂರು. ಮುಳ್ಳು ನೆಟ್ಟರೆ, ಟಗರು ಗುದ್ದಿದರೆ, ಬಂಡೆಯ ಮೇಲೆ ಕಾಲು ಜಾರಿದರೆ ಅಲ್ಲಿ ಕೈಗೆ ಸಿಗುವುದು ಒಂದೇ, ಗಾಯದ ಚೀಲ.

ಆ ಚೀಲ ಬಾಳವ್ವನ ಹೆಗಲಿನಲ್ಲಿತ್ತು. ಹಟ್ಟಿಗೆ ಹಿರಿಯಳು ಅವಳು. ಅವಳ ಹೆಗಲ ಮೇಲೆ ಚೀಲ ಇರುವಷ್ಟು ಕಾಲ ಉಳಿದ ತಾಯಂದಿರು ಮಕ್ಕಳನ್ನು ಬೆಟ್ಟಕ್ಕೆ ಬಿಟ್ಟು ನಿಶ್ಚಿಂತೆಯಿಂದ ರೊಟ್ಟಿ ತಟ್ಟುತ್ತಿದ್ದರು. ಹಾಗಾಗಿ ಒಂದು ವರ್ಷ ಹೊರಡುವ ಮುನ್ನ ಅವಳು ಚೀಲ ಇಳಿಸಿ ನೆಲದ ಮೇಲಿಟ್ಟಾಗ ಹಟ್ಟಿಯವರೆಲ್ಲ ಕೈಗೆಲಸ ಬಿಟ್ಟು ಅವಳ ಸುತ್ತ ಸೇರಿದರು.

"ನನ್ನ ಮೊಣಕಾಲು ಒಲ್ಲೆ ಅನ್ನಾಕತ್ತಾವು," ಎಂದಳು ಬಾಳವ್ವ. "ಈ ಸಲ ನಾನೂ ಕುದುರಿ ಮ್ಯಾಲಿನ ಹೇರೇ. ಚೀಲ ಯಾರಿಗೆ ಕೊಡ್ಲಿ?"

"ನನಗ ಕೊಡು ಯವ್ವಾ!" ಎಂದು ಅವಳ ಕಿರಿಯ ಮಗ ಅಮೋಗಿ ಜಿಗಿದು ನಿಂತ.

"ನನಗ ಕೊಡ್ರಿ ಅತ್ತಿ," ಎಂದು ಹಿರಿಯ ಸೊಸೆ ರಾಯವ್ವ ಹಿಟ್ಟಿನ ಕೈಯನ್ನೇ ಎತ್ತಿದಳು.

ಅಮೋಗಿ ನಕ್ಕ. "ಅತ್ತಿಗೆವ್ವಾ, ನಿನಗ ಉಪ್ಪಿನ ಡಬ್ಬಿ ಹುಡುಕಾಕ ಅರ್ಧ ದಿನ ಬೇಕು. ರಕ್ತ ಸೋರೋ ಮನಶ್ಯಾ ಅಲ್ಲೀತನಕ ಕುಂತಿರ್ತಾನೇನು?"

"ಹೌದಪಾ ಮೈದುನಾ. ನೀ ಕಟ್ಟಿದ ಬುತ್ತಿ ಬಿಚ್ಚೂದ್ರಾಗ ಪಲ್ಯ ಹಳಸಿರ್ತೈತಿ!"

ಹಟ್ಟಿಯೆಲ್ಲ ನಕ್ಕಿತು. ಬಾಳವ್ವ ಮಾತ್ರ ನಗಲಿಲ್ಲ. "ಇಬ್ಬರೂ ಒಂದೊಂದು ಚೀಲ ಕಟ್ರಿ. ಹಾದ್ಯಾಗ ನೋಡ್ತೀನಿ. ಹೊತ್ತಿಗೆ ಯಾವುದು ಒದಗತೈತೋ, ಅದನ್ನ ಕಟ್ಟಿದವರಿಗೆ ನನ್ನ ಜಾಗಾ."

ಅಮೋಗಿ ಸಂತೆಗೆ ಓಡಿದ. ಅವನ ಉತ್ಸಾಹ ನೋಡಬೇಕಿತ್ತು! ಬಿಳಿಯ ಬಟ್ಟೆ ತಂದ. ಕುದಿಯುವ ನೀರಿನಲ್ಲಿ ಅದ್ದಿ, ಬಿಸಿಲಿಗೆ ಒಣಗಿಸಿ, ಉದ್ದುದ್ದ ಪಟ್ಟಿ ಹರಿದು ಸುರುಳಿ ಸುತ್ತಿದ. ಮುರಿದ ಎಲುಬಿಗೆ ಆಸರೆಯಾಗಲೆಂದು ಬಿದಿರಿನ ದಬ್ಬೆ ಸೀಳಿ, ಮೈ ಗೀಚದಂತೆ ಕಲ್ಲಿಗೆ ಉಜ್ಜಿದ. ಕೈಯನ್ನು ಕೊರಳಿಗೆ ತೂಗುಹಾಕಲು ಅಗಲದ ಅರಿವೆ, ಮುಳ್ಳು ಕೀಳುವ ಚಿಮಟ, ಸಾಬೂನಿನ ತುಂಡು, ಬೆಂಕಿಪೆಟ್ಟಿಗೆ. ಏನೂ ಬಿಡಲಿಲ್ಲ. ಎಲ್ಲವನ್ನೂ ನೀರಿಳಿಯದ ಮೇಣಗಪ್ಪಡದಲ್ಲಿ ಸುತ್ತಿ ಚೀಲಕ್ಕಿಳಿಸಿ, ಬಾಯಿಗೆ ಸೆಣಬಿನ ಹುರಿ ಬಿಗಿದು ಹೇರಿನ ಗಂಟು ಹಾಕಿದ.

ಹೇರಿನ ಗಂಟು ಎಂದರೆ ಆ ಹಟ್ಟಿಯವರ ಹೆಮ್ಮೆ. ಹೊಳೆಯ ನಡುವೆ ಕುದುರೆ ಮುಗ್ಗರಿಸಿದರೂ, ಜಾಲಿಯ ಮುಳ್ಳು ಹಿಡಿದು ಎಳೆದರೂ ಅದು ಸಡಿಲುವುದಿಲ್ಲ. ಹೆಣ್ಣು ಕೊಡುವವರು ಹುಡುಗ ಹೇರು ಬಿಗಿಯುವುದನ್ನು ನೋಡಿ ಕೊಡುತ್ತಿದ್ದರು ಅಂದಮೇಲೆ ತಿಳಿದುಕೊಳ್ಳಿ. ಬಂದವರೆಲ್ಲ ಅಮೋಗಿಯ ಚೀಲವನ್ನು ಎತ್ತಿ, ಅಲ್ಲಾಡಿಸಿ, "ಗಟ್ಟಿ ಐತಿ ಬಿಡಪಾ," ಎಂದರು.

ರಾಯವ್ವನ ಚೀಲ ಅವಳ ಹಳೆಯ ಜೋಳಿಗೆ. ಅದಕ್ಕೆ ಗಂಟೂ ಇಲ್ಲ, ಗುಂಡಿಯೂ ಇಲ್ಲ. ಒಳಗೆ ಒಂದಿಷ್ಟು ಬಟ್ಟೆಯ ಚೂರು, ಅರಿಸಿನದ ಪೊಟ್ಟಣ, ಸೂಜಿ, ಮಗುವಿನ ಬಳೆ, ಎಲೆಯಡಿಕೆ. ಕೈ ಹಾಕಿದರೆ ಏನಾದರೊಂದು ಸಿಗುತ್ತಿತ್ತು. ಬೇಕಾದದ್ದೇ ಸಿಗಬೇಕೆಂದು ಹಟ ಮಾಡಬಾರದು, ಅಷ್ಟೇ.

ದಾರಿಯಲ್ಲಿ ಒಂದು ಕೂಸಿನ ಕಾಲಿಗೆ ಮುಳ್ಳು ನೆಟ್ಟಿತು. ಇಬ್ಬರೂ ಓಡಿ ಬಂದರು. ರಾಯವ್ವ ಜೋಳಿಗೆಗೆ ಕೈ ಹಾಕಿದಳು, ಅಡಿಕೆ ಬಂತು. ಮತ್ತೆ ಹಾಕಿದಳು, ಬಳೆ ಬಂತು. ಅಮೋಗಿ ನೆಲಕ್ಕೆ ಕುಳಿತು ಹುರಿಯ ಮೇಲೆ ಬಗ್ಗಿ ಗಂಟು ಸಡಿಲಿಸತೊಡಗಿದ. ಅಷ್ಟರಲ್ಲಿ ಬಾಳವ್ವ ಕುದುರೆಯ ಮೇಲಿಂದಲೇ ಕೂಸನ್ನು ಎತ್ತಿಸಿಕೊಂಡು ಉಗುರಿನಿಂದ ಮುಳ್ಳು ಕಿತ್ತುಹಾಕಿದ್ದಳು.

"ಎರಡೂ ಚೀಲ ಭಾಳ ಚಂದ ಅದಾವು," ಎಂದಳು. ಕುದುರೆಯನ್ನು ಮುಂದಕ್ಕೆ ನಡೆಸಿದಳು.

ಮರುದಿನ ಬೆಳಿಗ್ಗೆ ಹಿಂಡು ಹೊಳೆ ದಾಟಿತು. ಅಮೋಗಿಯ ಚೀಲವೂ ನೆನೆಯಿತು. ಮೇಣಗಪ್ಪಡ ಇದ್ದುದರಿಂದ ಒಳಗೆ ಒಂದು ಹನಿಯೂ ಇಳಿಯಲಿಲ್ಲ. ಅವನು ಬೀಗುತ್ತ ಚೀಲ ಹೆಗಲಿಗೇರಿಸಿ, ಮರಿಗಳಿಗೆ ಸೊಪ್ಪು ತರಲೆಂದು ಕೊಯ್ತ ಎಂಬ ಬಾಗಿದ ಮಚ್ಚು ಹಿಡಿದು ಗುಡ್ಡದ ಆಚೆಗೆ ಹೋದ. ಜೊತೆಗೆ ಕಾವಲಿನ ನಾಯಿ ಹಂಡ. ಮೊಲದ ವಾಸನೆ ಹತ್ತಿದರೆ ಹಂಡ ನಿಲ್ಲುವವನಲ್ಲ, ಅದಕ್ಕೆ ಅವನನ್ನು ಬನ್ನಿಮರದ ಬುಡಕ್ಕೆ ಕಟ್ಟಿ ಅಮೋಗಿ ಮರ ಹತ್ತಿದ.

ಎರಡು ಕೊಂಬೆ ಬಿದ್ದವು. ಮೂರನೆಯದಕ್ಕೆ ಕೊಯ್ತ ಬೀಸಿದಾಗ ಕಾಲ ಕೆಳಗಿನ ತೊಗಟೆ ಕಿತ್ತುಬಂತು. ಕೊಯ್ತ ಅವನ ಎಡಗೈಯನ್ನು ಸೀಳಿ ಕೊಂಬೆಯ ಕವಲಿನಲ್ಲಿ ಸಿಕ್ಕಿಕೊಂಡಿತು. ಅವನು ಕೆಳಗೆ ಬಿದ್ದ. ಕಾಲು ಹೊರಳಿತು. ತೋಳಿನಿಂದ ರಕ್ತ ಚಿಮ್ಮಿತು.

ಅಮೋಗಿ ಧೈರ್ಯಗೆಡಲಿಲ್ಲ. ರುಮಾಲು ಎಳೆದು ಮುದ್ದೆ ಮಾಡಿ ಬಲಗೈಯಿಂದ ಗಾಯವನ್ನು ಒತ್ತಿ ಹಿಡಿದ. ಗಾಯದ ಚೀಲ ಪಕ್ಕದಲ್ಲೇ ಇದೆಯಲ್ಲ! ಅದರೊಳಗೆ ಕುದಿಸಿದ ಪಟ್ಟಿ ಇದೆ, ಎಲ್ಲವೂ ಇದೆ. ಒಂದು ಕೈ ಗಾಯವಾದ ಕೈ. ಇನ್ನೊಂದು ಕೈ ಅದನ್ನು ಒತ್ತಿ ಹಿಡಿದ ಕೈ. ಚೀಲ ಬಿಚ್ಚುವ ಕೈ ಎಲ್ಲಿ?

ಬಲಗೈ ತೆಗೆದ. ರಕ್ತ ಮತ್ತೆ ಚಿಮ್ಮಿತು. ತಟ್ಟನೆ ಒತ್ತಿ ಹಿಡಿದ. ಮೊಣಕಾಲುಗಳ ನಡುವೆ ಚೀಲ ಇರುಕಿಸಿಕೊಂಡು ಹಲ್ಲಿನಿಂದ ಗಂಟು ಕಚ್ಚಿದ. ನೀರು ಕುಡಿದ ಸೆಣಬಿನ ಹುರಿ ಉಬ್ಬಿ ಕಲ್ಲಾಗಿತ್ತು. ಒಸಡು ಹರಿಯಿತೇ ಹೊರತು ಗಂಟು ಅಲುಗಲಿಲ್ಲ. ಕುದುರೆ ಮುಗ್ಗರಿಸಿದರೂ ಬಿಚ್ಚದ ಗಂಟು ಅಮೋಗಿ ಅತ್ತರೂ ಬಿಚ್ಚಲಿಲ್ಲ. ಕೂಗಿದ. ಗಾಳಿ ಕೂಗನ್ನು ಕಣಿವೆಗೆ ಒಯ್ದುಬಿಟ್ಟಿತು. ಶಿಳ್ಳೆ ಹಾಕಲು ತುಟಿ ಒಣಗಿತ್ತು. ಕಣ್ಣ ಮುಂದೆ ಬನ್ನಿಮರ ಎರಡಾಗಿ ಕಾಣತೊಡಗಿತು.

ಹಂಡ ಹುಚ್ಚು ಹಿಡಿದಂತೆ ಹಗ್ಗ ಜಗ್ಗುತ್ತ ಬೊಗಳುತ್ತಿದ್ದ. ಅಮೋಗಿ ಕುಂಡೆಯ ಮೇಲೆ ತೆವಳುತ್ತ ಮರದ ಬುಡಕ್ಕೆ ಬಂದ. ಹಗ್ಗದ ತುದಿ, ಬಾಲದಂತೆ, ಗಂಟಿನಿಂದ ಹೊರಗೆ ಜೋತು ಬಿದ್ದಿತ್ತು. ಅದನ್ನು ಹಲ್ಲಿನಲ್ಲಿ ಹಿಡಿದು ಕತ್ತು ಹಿಂದಕ್ಕೆ ಎಳೆದ. ಒಂದೇ ಎಳೆತ. ಸರ್ರನೆ ಗಂಟು ಮಾಯ! ಹಂಡ ಬಾಣದಂತೆ ಹೋದ.

ಆ ಹಟ್ಟಿಯಲ್ಲಿ ಒಂದು ವಾಡಿಕೆ. ಕಾವಲಿನ ನಾಯಿ ಹಗ್ಗ ಎಳೆದುಕೊಂಡು ಒಂಟಿಯಾಗಿ ಬಂದರೆ ಏನು ಎತ್ತ ಎಂದು ಯಾರೂ ಕೇಳುವುದಿಲ್ಲ, ಓಡುತ್ತಾರೆ. ರಾಯವ್ವ ಒಲೆಯ ಮೇಲಿನ ರೊಟ್ಟಿ ಅಲ್ಲೇ ಬಿಟ್ಟು, ಜೋಳಿಗೆ ಎತ್ತಿಕೊಂಡು, ಹಂಡನ ಬೆನ್ನು ಹಿಡಿದು ಎಲ್ಲರಿಗಿಂತ ಮುಂದೆ ಓಡಿದಳು.

ಮರದ ಬುಡದಲ್ಲಿ ಮೈದುನನನ್ನು ನೋಡಿ ಅವಳು ಜೋಳಿಗೆಯನ್ನೇ ನೆಲಕ್ಕೆ ಸುರಿದಳು. ಅರಿಸಿನದ ಪೊಟ್ಟಣ ಒಡೆದು, ಅಡಿಕೆ ಚೂರು, ಮಣ್ಣು, ಕುರಿಯ ಕೂದಲು ಎಲ್ಲವೂ ಬಟ್ಟೆಗೆ ಮೆತ್ತಿಕೊಂಡಿತ್ತು.

"ಅಯ್ಯ ನನ್ನ ಶಿವನೇ, ಇದನ್ನ ಗಾಯದ ಮ್ಯಾಲ ಹ್ಯಾಂಗ ಇಡ್ಲಿ?"

"ನನ್ನ ಚೀಲ..." ಎಂದ ಅಮೋಗಿ. "ಒಳಗ ಕುದಿಸಿದ ಅರಿವಿ ಐತಿ. ಗಂಟು ಬಿಚ್ಚಾಕ ಬರವಲ್ದು."

"ಬಿಚ್ಚೂದೇನು!" ರಾಯವ್ವ ಸೊಂಟದ ಕುಡುಗೋಲು ಎಳೆದಳು. ಹಟ್ಟಿಯ ಹೆಮ್ಮೆಯ ಗಂಟು ಒಂದೇ ಏಟಿಗೆ ಕತ್ತರಿಸಿ ಬಿತ್ತು. ಒಳಗೆ ಎಲ್ಲವೂ ಹೂವಿನಂತೆ ಶುಭ್ರವಾಗಿತ್ತು. ಕೈ ಮೇಲೆತ್ತಿ ಹಿಡಿದು, ಬಟ್ಟೆಯ ಮಡಿಕೆ ಇಟ್ಟು ಬಲವಾಗಿ ಒತ್ತಿದಳು. ಅದು ನೆನೆದಾಗ ತೆಗೆಯಲಿಲ್ಲ, ಅದರ ಮೇಲೇ ಇನ್ನೊಂದು ಇಟ್ಟು ಪಟ್ಟಿ ಸುತ್ತಿದಳು. ಹೊರಳಿದ ಕಾಲಿಗೆ ಬಿದಿರಿನ ದಬ್ಬೆ ಕಟ್ಟಿದಳು. ಅವನ ಕಣ್ಣು ಮುಚ್ಚಿದಂತಾದಾಗಲೆಲ್ಲ ಕೆಣಕಿದಳು. "ಏ ಮೈದುನಾ, ಮಲಗಬ್ಯಾಡ. ನನ್ನ ಉಪ್ಪಿನ ಡಬ್ಬಿ ಎಲ್ಲೈತಿ ಹೇಳು ನೋಡೋಣು!"

ಅಷ್ಟರಲ್ಲಿ ಉಳಿದವರು ಕುದುರೆ ತಂದರು. ಸಂತೆಯೂರಿನ ದವಾಖಾನೆಯಲ್ಲಿ ಡಾಕ್ಟರು ಹೊಲಿಗೆ ಹಾಕಿ, "ಇಷ್ಟು ಚೊಕ್ಕ ಬಟ್ಟೆ ಯಾರು ಕಟ್ಟಿದರು?" ಎಂದು ಕೇಳಿದರಂತೆ. ಅಮೋಗಿ ಉಳಿದ. ಉಳಿದ, ಮಕ್ಕಳೇ!

ಅವನು ಹಟ್ಟಿಗೆ ಮರಳಿದ ದಿನ ಬಾಳವ್ವ ಎಲ್ಲರನ್ನೂ ಕರೆದಳು. ಅವಳು ಬಾಯಿ ತೆರೆಯುವ ಮೊದಲೇ ಅಮೋಗಿ ಹೇಳಿದ, "ಚೀಲ ಅತ್ತಿಗೆವ್ವಗ ಕೊಡು ಯವ್ವಾ. ಅಕಿ ಬರಲಿಲ್ಲಂದ್ರ ನಾ ಇರ್ತಿದ್ದಿಲ್ಲ."

"ಅವಗ ಕೊಡ್ರಿ ಅತ್ತಿ," ಎಂದಳು ರಾಯವ್ವ. "ನನ್ನ ಜೋಳಿಗ್ಯಾಗಿನ ಅರಿವಿ ಕಟ್ಟಿದ್ರ ಆ ಕೈ ಕೀವಾಗಿ ಕೊಳೀತಿತ್ತು."

"ಇಬ್ಬರೂ ಸೋತ್ರಿ," ಎಂದಳು ಬಾಳವ್ವ. "ಗೆದ್ದಾಂವ ಅಲ್ಲಿ ಮಲಗ್ಯಾನ ನೋಡ್ರಿ."

ಎಲ್ಲರೂ ತಿರುಗಿದರು. ಹಂಡ ಬಿಸಿಲಿಗೆ ಹೊಟ್ಟೆ ಚಾಚಿ ಮಲಗಿದ್ದ.

"ಅಮೋಗಿ, ಹಂಡನ್ನ ಹ್ಯಾಂಗ ಕಟ್ತೀಯೋ?"

"ಒಂದ ಎಳತಕ್ಕ ಬಿಚ್ಚೂ ಹಂಗ."

"ಹೇರು ಹಂಗ ಬಿಗಿದು ಯಾಕ ಕಟ್ಟೂದಿಲ್ಲ?"

"ತ್ವಾಳ ಬಂದ್ರ? ನಾ ಗಂಟು ಬಿಚ್ಚೂತನಕ ತ್ವಾಳ ಕಾಯ್ತೈತೇನು ಯವ್ವಾ?" ಎಂದವನು ತನ್ನ ಪಟ್ಟಿ ಸುತ್ತಿದ ಕೈಯನ್ನು ನೋಡಿಕೊಂಡ.

"ಗಾಯ ಕಾಯ್ತೈತೇನು?" ಎಂದಳು ಬಾಳವ್ವ. "ಗಾಯದ ಚೀಲ ಹೇರಲ್ಲೋ ಮಗನ. ಅದು ಕಾವಲು. ಅದಕ್ಕ ಹಂಡನ ಗಂಟು ಹಾಕಬೇಕು." ಹೀಗೆ ಹೇಳಿ ಆ ಗಂಟಿನ ಹೆಸರನ್ನೂ ಹೇಳಿದಳು. ಅದೇ, ನನ್ನ ನಾಲಿಗೆಯ ತುದಿಯಲ್ಲಿ ಕುಳಿತು ಇಳಿಯದೆ ಸತಾಯಿಸುತ್ತಿರುವ ಮಾತು.

ಅಂದೇ ಹೊಸ ಚೀಲ ತಯಾರಾಯಿತು. ಅಮೋಗಿಯ ಸಾಮಾನು, ಅಮೋಗಿಯ ಮೇಣಗಪ್ಪಡ. ರಾಯವ್ವ ಒಂದೊಂದಕ್ಕೂ ಬೇರೆ ಬೇರೆ ಕಿಸೆ ಹೊಲಿದಳು. ಬಾಯಿಗೆ ಹಂಡನ ಗಂಟು, ಗಂಟಿಗೆ ದೂರದಿಂದಲೂ ಕಾಣುವ ಕೆಂಪು ಬಾಲ. ಇನ್ನು ಮುಂದೆ ತುಂಬುವುದು ಅಮೋಗಿ, ಹೊರುವುದು ರಾಯವ್ವ ಎಂದಾಯಿತು. "ಬಿಚ್ಚೂದು ಮಾತ್ರ ಎಲ್ಲಾರಿಗೂ ಬರಬೇಕು," ಎಂದಳು ಬಾಳವ್ವ.

ಆಗ ನೋಡಬೇಕಿತ್ತು ಹಟ್ಟಿಯ ಗದ್ದಲ! ಒಬ್ಬೊಬ್ಬರೂ ಕಣ್ಣು ಮುಚ್ಚಿ, ಒಂದು ಕೈ ಬೆನ್ನ ಹಿಂದೆ ಇಟ್ಟು, ಕೆಂಪು ಬಾಲ ಎಳೆದು ಪಟ್ಟಿಯ ಸುರುಳಿ ತೆಗೆಯಬೇಕು. ಮುಳ್ಳು ನೆಟ್ಟಿತ್ತಲ್ಲ, ಆ ಕೂಸೂ ಎಡಗೈಯಲ್ಲಿ ಎಳೆದು, ಸುರುಳಿ ಮೇಲೆತ್ತಿ ಕೇಕೆ ಹಾಕಿತು. ಹಂಡನಿಗೆ ಬೆಣ್ಣೆ ಸವರಿದ ರೊಟ್ಟಿ ಬಿತ್ತು.

ನೀತಿ: ಆಪತ್ತಿಗೆಂದು ಕಟ್ಟಿಟ್ಟದ್ದು ಆಪತ್ತಿನಲ್ಲಿರುವ ಕೈಗೆ ಬಿಚ್ಚಿಕೊಳ್ಳಬೇಕು. ಗಾಯದ ಚೀಲ ಕಟ್ಟುವಾಗ ಇಂದಿನ ನಿಮ್ಮ ಎರಡು ಗಟ್ಟಿ ಕೈಗಳನ್ನು ನೆನೆಯಬೇಡಿ, ನಾಳೆ ನಡುಗುವ ಒಂದೇ ಕೈಯನ್ನು ನೆನೆಯಿರಿ. ಒಳಗೆ ಚೊಕ್ಕ ಸಾಮಾನು, ಹೊರಗೆ ಒಂದೇ ಎಳೆತಕ್ಕೆ ಬಿಚ್ಚುವ ಜೀರು... ಜೀರುಗುಣಿಕೆ! ಬಂತು, ಬಂತು! ಮುಕ್ತಾ, ಆ ಟೇಪು ಕಿತ್ತು ಹಾಕು. ಪೆನ್ನು ತಗೋ. ಆ ಮಾತು ಮತ್ತೆ ಓಡಿಹೋಗುವ ಮೊದಲು ಡಬ್ಬಿಯ ಮುಚ್ಚಳದ ಮೇಲೇ ಬರೆ ತಾಯಿ, ದೊಡ್ಡ ಅಕ್ಷರದಲ್ಲಿ: ಜೀರುಗುಣಿಕೆ.