ಇಲ್ಲ ಎನ್ನುವ ಕಾರ್ಖಾನೆ

“ಬುದ್ಧಿ, ಇಲ್ಲ ಎನ್ನುವುದು ಈ ಮಠದ ಪದ್ಧತಿಯೋ, ಅಥವಾ ನನ್ನಲ್ಲೇ ಏನಾದರೂ ದೋಷವಿದೆಯೋ?” ಎಂದು ಶಿಷ್ಯ ಮರುಳಯ್ಯ ಗುರುಗಳನ್ನು ಕೇಳಿದ.

ಮರುಳಯ್ಯನಿಗೆ ಪ್ರವಚನ ಮಾಡುವ ಆಸೆ. ಪ್ರತಿ ಶ್ರಾವಣದಲ್ಲೂ ಅಪ್ಪಣೆ ಕೇಳುತ್ತಿದ್ದ. ಪ್ರತಿ ಶ್ರಾವಣದಲ್ಲೂ ಗುರುಗಳು ಈ ವರ್ಷ ಬೇಡ ಎನ್ನುತ್ತಿದ್ದರು. ಅವನ ನಂತರ ಮಠಕ್ಕೆ ಸೇರಿದವರು ಆಗಲೇ ವೇದಿಕೆ ಹತ್ತಿ, ಶಾಲು ಹೊದೆಸಿಕೊಂಡು ಇಳಿದಿದ್ದರು. ಹೊಳೆಯಾಚೆಯ ಮಠದಲ್ಲಿ ಕೇಳಿದವರಿಗೆಲ್ಲ ಅಪ್ಪಣೆ ಸಿಗುತ್ತಿತ್ತು. ಅಲ್ಲಿ ಮೈಕೂ ಹೊಸದು. ಇವತ್ತು ಸರಿಯಾದ ಉತ್ತರ ಸಿಗದಿದ್ದರೆ ಅಲ್ಲಿಗೇ ಹೋಗಿಬಿಡುವುದೆಂದು ಅವನು ಬಟ್ಟೆಬರೆ ಕಟ್ಟಿಟ್ಟು ಬಂದಿದ್ದ.

ಗುರುಗಳು ಕಾರು ಓಡಿಸಿದವರಲ್ಲ. ಆದರೆ ಅವರ ಕಾಲಿಗೆ ಬೀಳುವವರಲ್ಲಿ ಕಾರಿನವರೇ ಹೆಚ್ಚಾದ್ದರಿಂದ ಆ ವಿಷಯದಲ್ಲಿ ಅವರಿಗೆ ಸಾಕಷ್ಟು ತಿಳಿವಳಿಕೆ ಇತ್ತು. ಶಿಷ್ಯನನ್ನು ಕೂರಿಸಿ ಈ ಕತೆ ಹೇಳಿದರು.

ಇಟಲಿ ದೇಶದಲ್ಲಿ ಒಬ್ಬ ಮೆಕ್ಯಾನಿಕ್ ಇದ್ದ. ಪಂಪ್‌ಸೆಟ್ ರಿಪೇರಿ ಮಾಡಿ ಬದುಕುತ್ತಿದ್ದವನು ಒಂದು ಕಾರು ಮಾಡಿದ. ಅದು ಪಂದ್ಯದಲ್ಲಿ ಗೆದ್ದಿತು. ಇನ್ನೊಂದು ಮಾಡಿದ. ಅದೂ ಗೆದ್ದಿತು. ಅಂಥ ಕಾರು ನಮಗೂ ಬೇಕೆಂದು ದುಡ್ಡಿದ್ದವರು ಬರತೊಡಗಿದರು. ಅವನು ಕಾರ್ಖಾನೆ ತೆರೆದ.

ಅವನದೊಂದು ನಿಯಮವಿತ್ತು. ಕೊಳ್ಳಲು ಬಂದವರನ್ನು ಸ್ಟಿಯರಿಂಗ್ ಮುಂದೆ ಕೂರಿಸಿ, ತಾನು ಪಕ್ಕದಲ್ಲಿ ಕೂತು, ಊರ ಹಿಂದಿನ ಬೆಟ್ಟದ ದಾರಿಯಲ್ಲಿ ಒಂದು ಸುತ್ತು ಹೋಗಿ ಬರುತ್ತಿದ್ದ. ಓಡಿಸುವುದು ಸರಿ ಕಂಡರೆ ಕಾರು ಕೊಡುತ್ತಿದ್ದ. ಇಲ್ಲವಾದರೆ ಯಾಕೆಂದು ಹೇಳಿ, ಕಾಫಿ ಕುಡಿಸಿ ಕಳಿಸುತ್ತಿದ್ದ.

ಒಂದು ದಿನ ಒಬ್ಬ ಎಣ್ಣೆ ವ್ಯಾಪಾರಿ ಬಂದ. ಆ ಸೀಮೆಯ ಆಲಿವ್ ಎಣ್ಣೆಯೆಲ್ಲ ಅವನ ಗಾಣದಿಂದಲೇ ಬರಬೇಕು. ಇಲ್ಲ ಎಂಬ ಮಾತನ್ನು ಅವನು ಹೇಳಿ ಗೊತ್ತೇ ಹೊರತು ಕೇಳಿ ಗೊತ್ತಿರಲಿಲ್ಲ. ಬೆಟ್ಟ ಸುತ್ತಿ ಬಂದ ಮೇಲೆ ಮೆಕ್ಯಾನಿಕ್ ಕೀ ತೆಗೆದು ತನ್ನ ಜೇಬಿಗೆ ಹಾಕಿಕೊಂಡ.

“ಸಾಹುಕಾರರೇ, ನೀವು ತಿರುವಿನೊಳಗೆ ಹೋದ ಮೇಲೆ ಬ್ರೇಕ್ ಒತ್ತುತ್ತೀರಿ. ತಿರುವಿಗೆ ಮುಂಚೆ ಒತ್ತಬೇಕು. ಈ ಕಾರು ನಿಮಗೆ ಬೇಡ.”

“ದುಡ್ಡು ನನ್ನದು, ಪ್ರಾಣ ನನ್ನದು. ನಿನಗೇನಯ್ಯ ಕಷ್ಟ?”

“ಕಾರಿನ ಮೂತಿಯ ಮೇಲಿರುವ ಹೆಸರು ನನ್ನದು.”

ವ್ಯಾಪಾರಿ ಕಾಫಿ ಮುಟ್ಟದೆ ಹೋದ. ಊರಿನವರು ನಕ್ಕರು. ಅವನು ಬೇರೆ ಕಾರು ಕೊಳ್ಳಬಹುದಿತ್ತು. ಆದರೆ ಆ ಮಾತು ಮನಸ್ಸಿನಿಂದ ಹೋಗಲಿಲ್ಲ. ಎಣ್ಣೆ ತುಂಬಿದ ತನ್ನದೇ ಲಾರಿಯನ್ನು ಅದೇ ಬೆಟ್ಟದ ಮೇಲೆ ಹತ್ತಿಸಿ ಇಳಿಸಿ ವರ್ಷವಿಡೀ ತಿರುವು ಕಲಿತ. ಆ ವರ್ಷ ಬೆಟ್ಟದ ದಾರಿಯಲ್ಲಿ ನಡೆಯುವವರು ಜಾರುತ್ತಿದ್ದರು. ಮತ್ತೆ ಬಂದಾಗ ಅವನಿಗೆ ಕಾರು ಸಿಕ್ಕಿತು. ಸಿಕ್ಕಿತೆಂದು ಅವನು ಹೇಳಿಕೊಂಡು ತಿರುಗಿದಷ್ಟನ್ನು ಯಾವ ಜಾಹೀರಾತೂ ಹೇಳಲಾರದು. ಕಾರ್ಖಾನೆಯ ಹೆಸರು ದೇಶ ದಾಟಿತು.

ಮೆಕ್ಯಾನಿಕ್ ತೀರಿಕೊಂಡ. ಮಕ್ಕಳು ಓದಿದವರು. ಕೊಳ್ಳಲು ಬಂದವರನ್ನು ಹಿಂದಕ್ಕೆ ಕಳಿಸುವುದು ಯಾವ ಸೀಮೆಯ ವ್ಯಾಪಾರ ಎಂದು ಕೇಳಿದರು. ಪ್ರಶ್ನೆ ಸರಿಯಾಗಿಯೇ ಇತ್ತು. ಕೇಳಿದವರಿಗೆಲ್ಲ ಕಾರು ಕೊಟ್ಟರು. ಕೆಲವು ವರ್ಷ ಚೆನ್ನಾಗಿ ಮಾರಾಟವಾಯಿತು. ಆಮೇಲೆ ಕಾರುಗಳು ಬೆಟ್ಟದ ತಿರುವುಗಳಲ್ಲಿ ಮಗುಚತೊಡಗಿದವು. ಮಗುಚಿಕೊಂಡವರು ಕಾರನ್ನು ಬೈದರೇ ಹೊರತು ತಮ್ಮ ಕೈಯನ್ನು ಬೈದುಕೊಳ್ಳಲಿಲ್ಲ. ಮೂತಿಯ ಮೇಲಿನ ಹೆಸರು ಪತ್ರಿಕೆಗಳಲ್ಲಿ ಬಂತು, ಪೊಲೀಸರ ಹೇಳಿಕೆಯೊಂದಿಗೆ. ಕೊಳ್ಳುವವರು ಇಲ್ಲವಾದರು. ಕಾರ್ಖಾನೆ ಮುಚ್ಚಿತು. ಕೆಲಸಗಾರರು ಪಕ್ಕದ ಊರಿಗೆ ಬಟ್ಟೆ ಒಗೆಯುವ ಯಂತ್ರ ಮಾಡಲು ಹೋದರು.

ಕೊನೆಗೆ ಬೇರೆ ದೇಶದ ಒಬ್ಬ ಶ್ರೀಮಂತ ಆ ಕಾರ್ಖಾನೆಯನ್ನು ಹೆಸರಿನ ಸಮೇತ ಕೊಂಡ. ಅವನಿಗೆ ಕಾರು ಓಡಿಸಲು ಬರುತ್ತಿರಲಿಲ್ಲ, ಡ್ರೈವರ್ ಇದ್ದ. ಈ ಹೆಸರು ಮೊದಲು ಹೇಗೆ ಬೆಳೆಯಿತೆಂದು ಊರಿನ ಹಿರಿಯರನ್ನು ವಿಚಾರಿಸಿದ. ಅವರು ಎಣ್ಣೆ ವ್ಯಾಪಾರಿಯ ಕತೆ ಹೇಳಿದರು. ಶ್ರೀಮಂತ ಜಾಣ. ಕತೆಯಲ್ಲಿ ಲಾಭ ತಂದ ಭಾಗ ಯಾವುದೆಂದು ತಕ್ಷಣ ಗುರುತಿಸಿದ. ಇಲ್ಲ ಎನ್ನುವುದನ್ನು ಮತ್ತೆ ಜಾರಿಗೆ ತಂದ. ಪಕ್ಕದಲ್ಲಿ ಕೂತು ಬೆಟ್ಟ ಸುತ್ತುವುದಕ್ಕೆ ಸಮಯ ಹಿಡಿಯುತ್ತದೆಂದು ಅದನ್ನು ಕೈಬಿಟ್ಟ. ಬಂದವರಲ್ಲಿ ಹೆಚ್ಚಿನವರಿಗೆ, ಓಡಿಸಲು ಬರುತ್ತದೋ ಇಲ್ಲವೋ ನೋಡದೆ, ಈ ವರ್ಷ ಇಲ್ಲ ಎಂದು ನಯವಾಗಿ ಹೇಳುವ ಏರ್ಪಾಡಾಯಿತು.

ಜನ ಮುಗಿಬಿದ್ದರು. ಕಾರ್ಖಾನೆ ಎದ್ದು ನಿಂತಿತು. ಕೆಲಸಗಾರರು ಬಟ್ಟೆ ಒಗೆಯುವ ಯಂತ್ರ ಬಿಟ್ಟು ಹಿಂದಿರುಗಿದರು. ಕಾರುಗಳು ಈಗ ಮಗುಚುವುದೂ ಇಲ್ಲ. ಕಾರಿನ ಮೈಮೇಲೆ ಧೂಳು ಕೂರುತ್ತದೆಂದು ಅವನ್ನು ಯಾರೂ ಬೆಟ್ಟಕ್ಕೆ ಒಯ್ಯುವುದಿಲ್ಲ. ಇದರಿಂದ ಯಾರಿಗೂ ನಷ್ಟವಾಗಲಿಲ್ಲ ಎಂಬುದನ್ನು ಒಪ್ಪಲೇಬೇಕು.

ಎಣ್ಣೆ ವ್ಯಾಪಾರಿಯ ಮೊಮ್ಮಗನೂ ಬಂದ. ಅವನಿಗೂ ಈ ವರ್ಷ ಇಲ್ಲ ಎಂದರು. ಅವನು ಯಾಕೆಂದು ಕೇಳಲಿಲ್ಲ. ಅವರು ಕೊಟ್ಟ ಕಾಫಿ ಕುಡಿದು ಮನೆಗೆ ಹೋಗಿ, ತನಗೂ ಇಲ್ಲ ಎಂದರೆಂದು ಕಂಡಕಂಡವರಿಗೆ ಹೇಳಿದ. ಕೇಳಿಸಿಕೊಂಡವರು ಅಭಿನಂದಿಸಿ ಅವನ ಕೈ ಕುಲುಕಿದರು. ಈಗಲೂ ಅವನು ಪ್ರತಿ ವರ್ಷ ಹೋಗಿ ಕೇಳುತ್ತಾನೆ, ಕೇಳಿ ಬಂದು ಕಾಯುತ್ತಾನೆ. ಬ್ರೇಕನ್ನು ಮಾತ್ರ ತಿರುವಿನೊಳಗೆ ಹೋದ ಮೇಲೆಯೇ ಒತ್ತುತ್ತಾನೆ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಹೊಳೆಯಾಚೆಯ ಮಠ ಕತೆಯಲ್ಲಿ ಎಲ್ಲಿ ಬಂತೆಂಬುದು ಮರುಳಯ್ಯನಿಗೆ ಗೊತ್ತಾಯಿತು. ಅಲ್ಲಿಗೆ ಹೋಗುವ ಮನಸ್ಸು ಅರ್ಧ ಇಳಿಯಿತು. ಉಳಿದ ಅರ್ಧಕ್ಕಾಗಿ ಇನ್ನೊಂದು ಪ್ರಶ್ನೆ ಕೇಳಿದ.

“ಹಾಗಾದರೆ ಬುದ್ಧಿ, ನೀವು ನನಗೆ ಹೇಳುತ್ತಿರುವುದು ಆ ಮೆಕ್ಯಾನಿಕ್ ಹೇಳಿದಂಥ ‘ಇಲ್ಲ’ವೋ, ಈ ಶ್ರೀಮಂತ ಹೇಳಿಸಿದಂಥ ‘ಇಲ್ಲ’ವೋ?”

ಗುರುಗಳು ಹೇಳಿದರು: “ಮೊದಲನೆಯ ಶ್ರಾವಣದಲ್ಲಿ ಬೇಡ ಎಂದಾಗ ನಿನಗೆ ಕಾರಣವನ್ನೂ ಹೇಳಿದ್ದೆ ಮರುಳಯ್ಯ, ಅದೇನೆಂದು ಹೇಳು.”